ರ‍್ಯಾಮಿಗೆ ಶಹಬ್ಬಾಸ್, ಸೀರಿಯಲ್ ಸೆಟ್ಟಿಗೆ ಬೈಗುಳ

ಜರಗನಹಳ್ಳಿಯ ನಮ್ಮ ಅಡ್ಡರಸ್ತೆಯಲ್ಲಿ ಕರೆಂಟು ಹೋದ ಒಂದು ಸಂಜೆ. ಎದುರು ಕಟ್ಟಡದ ಮೊದಲ ಮಹಡಿಯ ಒಂದು ಕಿಟಕಿ ಮಾತ್ರ ಹಸಿರಾಗಿ, ನೇರಳೆಯಾಗಿ, ಮತ್ತೆ ಕೆಂಪಾಗಿ ಬಣ್ಣ ಬದಲಿಸುತ್ತಿತ್ತು. ಒಳಗಿನ ಅಪ್ಪ-ಮಗನ ಜಗಳ ಬೀದಿಗೆಲ್ಲ ಕೇಳುತ್ತಿತ್ತು.

"ಲೋ, ಇದೇನ್ ಲ್ಯಾಪ್‌ಟಾಪೋ, ಇಲ್ಲಾ ಪಲ್ಲಕ್ಕಿ ಉತ್ಸವಾನೋ?"

"ನಿನ್ ಆಟೋಗೆ ಹಾಕ್ಸಿರೋ ಲೈಟೇನಪ್ಪಾ ಮತ್ತೆ?"

ಅಪ್ಪ ಆಟೋ ಓಡಿಸುತ್ತಾರೆ. ಹಿಂದೆ ಶಂಕರ್‌ನಾಗ್ ಚಿತ್ರ, ಟಾಪಿನ ಒಳಗೆ ನೀಲಿ ಎಲ್‌ಇಡಿ ಪಟ್ಟಿ, ಆಯುಧಪೂಜೆಗೆ ಎರಡು ಬಾಳೆಕಂದು. ಮಗ ಬಿಸಿಎ ಕೊನೆಯ ವರ್ಷ. ಮಗನ ಮಾತಿಗೆ ಅಪ್ಪನ ಬಾಯಿ ಕಟ್ಟಿತು, ಪಂಚಾಯಿತಿಗೆ ನನ್ನನ್ನು ಕರೆದರು. "ಒಳಗಡೆ ಏನೋ ಕಾರ್ಡು ಹಾಕ್ಕೊಂಡ, ಬೇಗ ಆನ್ ಆಗತ್ತೆ, ಸರಿ ಸಾರ್. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಈ ಸೀರಿಯಲ್ ಸೆಟ್ ಯಾಕ್ ಬೇಕಿತ್ತು?"

ನಮ್ಮಲ್ಲಿ ಹೆಚ್ಚಿನವರು ಹೇಳುವುದೂ ಇದನ್ನೇ. ರ‍್ಯಾಮ್ ಹಾಕಿಸಿದವನು ಜಾಣ, ಲೈಟು ಹಾಕಿಸಿದವನು ಶೋಕಿಲಾಲ. ನನ್ನ ತೀರ್ಪೂ ಅಲ್ಲೇ ಇತ್ತು. ಕೂತು ಲೆಕ್ಕ ಹಾಕಿದ ಮೇಲೆ ಎರಡರ ಬಗ್ಗೆಯೂ ಅಷ್ಟು ಧೈರ್ಯವಾಗಿ ಹೇಳಲಾರೆ ಅನಿಸಿತು.

ಮೊದಲು ಅವನ ಲ್ಯಾಪ್‌ಟಾಪಿನ ಜಾತಕ. ನಮ್ಮ ಬೆಂಗಳೂರಿನ ಐಟಿ ಕಂಪನಿಗಳು ನೌಕರರಿಗೆ ಕೊಡುವ ಎಷ್ಟೋ ಲ್ಯಾಪ್‌ಟಾಪುಗಳು ಲೀಸಿನವು. ಮೂರು-ನಾಲ್ಕು ವರ್ಷಕ್ಕೆ ಗಡುವು ಮುಗಿದು, ಲಾಟುಗಟ್ಟಲೆ ಹೊರಬಿದ್ದು, ಒರೆಸಿ ಪರೀಕ್ಷಿಸಿದ ಮೇಲೆ ಎಸ್.ಪಿ. ರೋಡಿನ ಅಂಗಡಿಗಳಿಗೆ ಬರುತ್ತವೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್. ನಮ್ಮ ಹುಡುಗ ಯಲಚೇನಹಳ್ಳಿಯಲ್ಲಿ ಮೆಟ್ರೊ ಹತ್ತಿ, ಎಂಟನೇ ಸ್ಟೇಷನ್ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು, ನಡೆದುಕೊಂಡೇ ಹೋಗಿ ಅಂಥದೊಂದನ್ನು ಹದಿನಾಲ್ಕು ಸಾವಿರಕ್ಕೆ ತಂದಿದ್ದ. ಏಳನೇ ತಲೆಮಾರಿನ ಐ5, 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್‌ಡಿಸ್ಕ್. ಮುಚ್ಚಳದ ಮೇಲೆ ಯಾವುದೋ ಕಂಪನಿಯ ಬಾರ್‌ಕೋಡ್ ಸ್ಟಿಕ್ಕರ್ ಕಿತ್ತ ಗುರುತು. ಆನ್ ಮಾಡಿ, ಕೆಳಗೆ ಹೋಗಿ ಹಾಲು ತಂದರೂ ಅದು ಇನ್ನೂ ಕಣ್ಣುಜ್ಜುತ್ತಾ ಕೂತಿರುತ್ತಿತ್ತು.

ಕಾರಣ ಸರಳ. ಸಾಮಾನ್ಯ ಲ್ಯಾಪ್‌ಟಾಪ್ ಹಾರ್ಡ್‌ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಎಂದರೆ ಸೆಕೆಂಡಿಗೆ 90. ಬೇಕಾದ ಮಾಹಿತಿ ಸೂಜಿಯ ಕೆಳಗೆ ಬರುವ ತನಕ ಪ್ರತಿಸಲವೂ ಕಾಯಬೇಕು. ಕಂಪ್ಯೂಟರ್ ಏಳುವಾಗ ಸಾವಿರಾರು ಚೂರುಪಾರು ಫೈಲುಗಳನ್ನು ಅಲ್ಲಿಂದ ಇಲ್ಲಿಂದ ಹೆಕ್ಕುತ್ತದೆ, ಕಾಯುವ ಹೊತ್ತೆಲ್ಲ ಕೂಡುತ್ತಾ ಹೋಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಏನೂ ಇಲ್ಲ. ಹಳೆಯ ಸಾಟಾ ಜೋಡಣೆಯಲ್ಲೂ ಅದು ಸೆಕೆಂಡಿಗೆ 500 ಎಂಬಿ ದಾಟಿ ಓದುತ್ತದೆ, ಹಾರ್ಡ್‌ಡಿಸ್ಕ್ 100ರ ಆಸುಪಾಸಿನಲ್ಲೇ ಏದುಸಿರು ಬಿಡುತ್ತದೆ. ಹುಡುಗ ಎಸ್‌ಎಸ್‌ಡಿ ಹಾಕಿದ, 4 ಜಿಬಿ ತೆಗೆದು 16 ಮಾಡಿದ. ನಾಲ್ಕು ಸ್ಕ್ರೂ, ಮುಚ್ಚಳ ಎಬ್ಬಲು ಒಂದು ಪ್ಲಾಸ್ಟಿಕ್ ಕಾರ್ಡು, ಅರ್ಧ ಗಂಟೆ. ಈಗ ಹಾಲಿಗೆ ಹೋಗುವಷ್ಟು ಹೊತ್ತು ಸಿಗುವುದಿಲ್ಲ.

ಇಷ್ಟು ಕೇಳಿದವರು ಅಪ್ಪನ ಪಕ್ಷ ಸೇರುತ್ತಾರೆ. ಆದರೆ ಬಿಡಿಭಾಗದ ಲೆಕ್ಕಕ್ಕೂ ಖರ್ಚಿನ ಕಡೆ ಒಂದಿದೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನವುಗಳಲ್ಲಿ ಸುಮಾರಾಗಿ ಎಂಟನೇ ತಲೆಮಾರು ಮತ್ತು ನಂತರದ ಪ್ರೊಸೆಸರ್ ಬೇಕು. ಅವನದು ಏಳು. ರ‍್ಯಾಮ್ ಹದಿನಾರಲ್ಲ, ಮೂವತ್ತೆರಡು ಹಾಕಿದರೂ ಏಳು ಎಂಟಾಗುವುದಿಲ್ಲ. ಹುಡುಗ ಲಿನಕ್ಸ್ ಮಿಂಟ್ ಹಾಕಿಕೊಂಡು ಪಾರಾದ, ಕಾಲೇಜಿನ ಕೋಡಿಂಗ್‌ಗೆ ಅದು ಧಾರಾಳ ಸಾಕು. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಯವರಿಗೆ, ವಿಂಡೋಸ್ ಬಿಟ್ಟು ಬೇರೆ ಕಂಡಿಲ್ಲದ ನಿವೃತ್ತರಿಗೆ ಇದೇ ಸಲಹೆ ಕೊಡಲು ನನಗೆ ನಾಲಿಗೆ ಬರುವುದಿಲ್ಲ.

ಬೆಲೆಯೂ ನಿಂತಲ್ಲಿ ನಿಂತಿಲ್ಲ. ಅವನು 2025ರ ಮಧ್ಯದಲ್ಲಿ ಕೊಂಡಿದ್ದು ಅದೃಷ್ಟ. ಆ ವರ್ಷದ ಕೊನೆಯ ಹೊತ್ತಿಗೆ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚತೊಡಗಿ ರ‍್ಯಾಮ್ ಬೆಲೆ ಮೇಲೆದ್ದಿತು. ಅಮೆರಿಕದ ಮೈಕ್ರಾನ್ ಕಂಪನಿ ಡಿಸೆಂಬರಿನಲ್ಲಿ, ಕ್ರೂಷಿಯಲ್ ಹೆಸರಿನ ತನ್ನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಸಾರಿತು. ಹಳೆಯ ಲ್ಯಾಪ್‌ಟಾಪಿಗೆ ಅದರ ಬೆಲೆಯ ಅರ್ಧದಷ್ಟಾಗುವ ರ‍್ಯಾಮ್ ಹಾಕಿಸುವುದು, ಮುದಿ ಎತ್ತಿಗೆ ಬೆಳ್ಳಿಯ ಕೊಂಬಿನಕಳಸ ತೊಡಿಸಿದ ಹಾಗೆ. ಅದನ್ನು ಉಪಯೋಗ ಅಂತ ಕರೆದು ಲೈಟನ್ನು ಮಾತ್ರ ಶೋಕಿ ಅನ್ನುವುದು ಯಾವ ನ್ಯಾಯ?

ನಡುವೆ ಒಂದು ಮಾತು. ಕನಕಪುರ ರಸ್ತೆಯ ಧೂಳು ಕುಡಿದ ಲ್ಯಾಪ್‌ಟಾಪು ನಿಧಾನವಾದರೆ, ಏನನ್ನಾದರೂ ಕೊಳ್ಳುವ ಮುಂಚೆ ಫ್ಯಾನ್ ಬಿಚ್ಚಿ ಧೂಳು ತೆಗೆಸಿ, ಪ್ರೊಸೆಸರ್ ಮೇಲೆ ಒಣಗಿದ ಪೇಸ್ಟ್ ಬದಲಾಯಿಸಿ ನೋಡಿ. ಬಿಸಿಯೇರಿದಾಗ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಎಷ್ಟೋ ಕಡೆ ರೋಗ ಅಷ್ಟೇ ಇರುತ್ತದೆ.

ಬಿಚ್ಚಲು ಬಿಡದ ಕಂಪನಿಗಳನ್ನು ಬೈಯುವುದೂ ಈಗ ವಾಡಿಕೆ. ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿ ಕೊಡುತ್ತಾರೆ, ನಾಳೆ ಸಾಲದಾದರೆ ಹೊಸದನ್ನೇ ಕೊಳ್ಳಬೇಕು. ಸಿಟ್ಟು ಬರುವಂಥದ್ದೇ. ಆದರೆ ಅದರಲ್ಲಿ ಪೂರ್ತಿ ಕುತಂತ್ರ ಹುಡುಕುವುದು ಸರಿಯಲ್ಲ. ಬೆಸುಗೆ ಹಾಕುವ ಎಲ್‌ಪಿಡಿಡಿಆರ್ ಜಾತಿಯ ಮೆಮೊರಿ ಕಡಿಮೆ ವಿದ್ಯುತ್ ಕುಡಿಯುತ್ತದೆ. ಪ್ರೊಸೆಸರಿನ ಮಗ್ಗುಲಲ್ಲೇ ಕೂತು, ಸಾಕೆಟ್ಟಿನ ಉದ್ದದ ದಾರಿ ಇಲ್ಲದ್ದರಿಂದ ಹೆಚ್ಚು ವೇಗದಲ್ಲಿ ಓಡುತ್ತದೆ. ಲ್ಯಾಪ್‌ಟಾಪು ತೆಳ್ಳಗೂ ಆಗುತ್ತದೆ. ವೇಗ ಬಿಟ್ಟುಕೊಡದೆ ಬಿಚ್ಚಿ ಹಾಕುವಂತೆಯೂ ಇರಲಿ ಅಂತಲೇ 2023ರ ಡಿಸೆಂಬರಿನಲ್ಲಿ ಜೆಡೆಕ್ ಸಂಸ್ಥೆ ಕ್ಯಾಮ್2 ಎಂಬ ಹೊಸ ಮಾದರಿಯ ಮಾನಕ ಪ್ರಕಟಿಸಿತು. ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ಇನ್ನೂ ಅಪರೂಪ. ನಮ್ಮ ಸರಕಾರವೂ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ಒಂದನ್ನು ತೆರೆಯಿತು. ಪೋರ್ಟಲ್ ತೆರೆದ ಮಾತ್ರಕ್ಕೆ ಬೆಸುಗೆ ಬಿಡುವುದಿಲ್ಲ, ಬಿಡಿ.

ಇನ್ನು ಲೈಟು. ಇದರ ವಿರುದ್ಧ ಹೇಳುವುದು ಎಷ್ಟು ಸುಲಭವೆಂದರೆ ಯಾರೂ ಲೆಕ್ಕ ಹಾಕುವ ಗೋಜಿಗೆ ಹೋಗುವುದಿಲ್ಲ. ನಾನು ಹಾಕಿದೆ. ಹುಡುಗ ತಳದ ಮುಚ್ಚಳದ ಒಳಗೆ, ಗಾಳಿ ಹೋಗುವ ಕಂಡಿಗಳ ಪಕ್ಕ, ಬಣ್ಣ ಬದಲಿಸುವ ಹನ್ನೆರಡು ಎಲ್‌ಇಡಿಗಳ ಪಟ್ಟಿ ಅಂಟಿಸಿದ್ದ. ಯುಎಸ್‌ಬಿ ಪೋರ್ಟಿನ ಕಾಲುಗಳಿಗೆ ವೈರು ಬೆಸೆದು ಕರೆಂಟು ತೆಗೆದಿದ್ದ. ಈ ಜಾತಿಯ ಒಂದೊಂದು ಎಲ್‌ಇಡಿಯಲ್ಲಿ ಕೆಂಪು, ಹಸಿರು, ನೀಲಿ ಮೂರು ದೀಪ. ಮೂರನ್ನೂ ಪೂರ್ತಿ ಉರಿಸಿ ಬೆಳ್ಳಗೆ ಮಾಡಿದರೆ ಸುಮಾರು 60 ಮಿಲಿಆಂಪ್. ಹನ್ನೆರಡಕ್ಕೆ 720. ಯುಎಸ್‌ಬಿ 2.0 ಪೋರ್ಟು ಕೊಡಬೇಕಾದ್ದು 500 ಮಾತ್ರ. 5 ವೋಲ್ಟಿನಲ್ಲಿ ಇದು 3.6 ವಾಟ್. ಸಣ್ಣಪುಟ್ಟ ಕೆಲಸಕ್ಕೆ 8 ವಾಟ್ ತಿನ್ನುವ ಲ್ಯಾಪ್‌ಟಾಪು, 41 ವಾಟ್-ಅವರ್ ಬ್ಯಾಟರಿಯಲ್ಲಿ ಐದು ಗಂಟೆ ಓಡಬೇಕಾದ್ದು, ಈ ಲೈಟಿನಿಂದ ಮೂರೂವರೆಗೆ ಇಳಿಯುತ್ತದೆ. ಕರೆಂಟು ಹೋದ ಸಂಜೆ ಉರಿಸಿದ್ದಂತೂ ಅಪ್ಪನ ಕೈಗೆ ತಾನಾಗಿ ಕೊಟ್ಟ ಬೆತ್ತ.

ಆದರೆ ಇದೇ ಲೆಕ್ಕ ಮಗನ ಪರವೂ ಸಾಕ್ಷಿ ಹೇಳುತ್ತದೆ. ಬರೀ ಕೆಂಪು ಇಟ್ಟರೆ ಎಲ್‌ಇಡಿಗೆ 20 ಮಿಲಿಆಂಪ್, ಒಟ್ಟು 240. ಪೋರ್ಟಿನ ಮಿತಿಯ ಒಳಗೇ ಆಯಿತು, ನಷ್ಟ ಮುಕ್ಕಾಲು ಗಂಟೆಯೊಳಗೆ ಬಂತು. ಬೆಳಕು ತಗ್ಗಿಸಿದರೆ ಇನ್ನೂ ಕಡಿಮೆ. ಅಂದರೆ ತಪ್ಪು ಅಲಂಕಾರದ್ದಲ್ಲ, ಅಳತೆಯದು.

ಕಂಪನಿಯವರೇ ಮಾಡುವುದಿಲ್ಲ ಎಂಬ ಮಾತೂ ನಿಲ್ಲುವುದಿಲ್ಲ. 2006ರಲ್ಲಿ ಡೆಲ್ ಕೊಂಡುಕೊಂಡ ಏಲಿಯನ್‌ವೇರ್ ಹೆಸರು ಮಾಡಿದ್ದರಲ್ಲಿ ಬಣ್ಣದ ದೀಪದ ಪಾಲು ಸಣ್ಣದಲ್ಲ. ಗೇಮಿಂಗ್ ಲ್ಯಾಪ್‌ಟಾಪುಗಳ ಕೀಬೋರ್ಡು ಇವತ್ತಿಗೂ ಕಾಮನಬಿಲ್ಲು. ಆ್ಯಪಲ್‌ನವರ ಮುಚ್ಚಳದಲ್ಲಿ ಬೆಳಗುತ್ತಿದ್ದ ಸೇಬು ನೆನಪಿರಬಹುದು. ಅದಕ್ಕೆ ಬೇರೆ ದೀಪವನ್ನೇ ಇಟ್ಟಿರಲಿಲ್ಲ, ಪರದೆಯ ಹಿಂದಿನ ಬೆಳಕನ್ನೇ ಸೋಸಿ ಬಿಡುತ್ತಿದ್ದರು. ಪರದೆ ತೆಳ್ಳಗಾಗುತ್ತಾ ಬಂದು, 2015ರ ಮ್ಯಾಕ್‌ಬುಕ್ಕಿನಿಂದ ಶುರುವಾಗಿ ಒಂದೊಂದೇ ಮಾದರಿಯಿಂದ ಅದು ಮರೆಯಾಯಿತು. ಅಲಂಕಾರ ಅಂದರೆ ಹಾಗಿರಬೇಕು ಅಂತ ನನ್ನ ಆಸೆ, ಇದ್ದ ಬೆಳಕಲ್ಲೇ ಬೆಳಗಬೇಕು. ಎಲ್ಲರಿಗೂ ಆ ಭಾಗ್ಯ ಇರುವುದಿಲ್ಲ.

ಮತ್ತೆ, ಹುಡುಗನ ಜಾಗದಲ್ಲಿ ನಿಂತು ನೋಡಿ. ಯಾರೋ ನಾಲ್ಕು ವರ್ಷ ಮೀಟಿಂಗುಗಳಿಗೆ ಹೊತ್ತು ಎಸೆದ ಕರಿ ಪೆಟ್ಟಿಗೆ. ಸ್ಟಿಕ್ಕರ್ ಕಿತ್ತ ಗುರುತು ದಿನಾ ಕಣ್ಣಿಗೆ ಹೊಡೆಯುತ್ತದೆ. ಅದನ್ನು ತನ್ನದು ಮಾಡಿಕೊಳ್ಳಲು ರ‍್ಯಾಮ್ ಸಾಲದು, ಒಳಗಿರುವ ರ‍್ಯಾಮ್ ಯಾರಿಗೆ ಕಾಣುತ್ತದೆ? ಅಪ್ಪನ ಆಟೋ ಕೂಡ ಸಾಲದ ಕಂತಿನದು. ಶಂಕರ್‌ನಾಗ್ ಚಿತ್ರ ಅಂಟಿದ ದಿನ ಅದು ಅವರದಾಯಿತು. ಮೇಲಾಗಿ, ಬೆಸುಗೆ ಕಡ್ಡಿ ಹಿಡಿಯುವುದು, ಮಲ್ಟಿಮೀಟರ್ ಓದುವುದು, ಆಂಪಿನ ಲೆಕ್ಕ, ಇವನ್ನೆಲ್ಲ ಹುಡುಗ ಕಲಿತದ್ದು ಲೈಟಿನಿಂದ. ರ‍್ಯಾಮ್ ಕೂರಿಸುವುದರಲ್ಲಿ ಕಲಿಯುವುದೇನಿದೆ? ಟಕ್ ಅಂತ ಶಬ್ದ ಬಂದರೆ ಕೂತಿತು.

ಹಾಗೆ ಹೇಳುತ್ತೇನಾದರೂ, ನಾನೊಮ್ಮೆ ರ‍್ಯಾಮ್ ಹಾಕಲು ನನ್ನದನ್ನು ತೆರೆದು, ಕೀಬೋರ್ಡಿನ ಹಾಳೆಯಂಥ ತೆಳು ಕೇಬಲ್ಲನ್ನು ಲಾಕ್ ತೆಗೆಯದೆ ಎಳೆದು ಹರಿದಿದ್ದೇನೆ. ಆಮೇಲೆ ಒಂದು ವರ್ಷ ಹೊರಗಿನ ಕೀಬೋರ್ಡು ಚುಚ್ಚಿಕೊಂಡೇ ಬರೆದೆ. ಆದ್ದರಿಂದ "ಉಪಯೋಗದ" ಕೆಲಸವೇ ಸುರಕ್ಷಿತ ಅಂತ ನನ್ನ ಮುಂದೆ ಯಾರೂ ಹೇಳಬಾರದು.

ಗಾಡಿಗಳಿಗಾದರೆ ಕಾನೂನು ಗೆರೆ ಎಳೆದಿದೆ. ಎಸ್.ಪಿ. ರೋಡಿಗೆ ಅಷ್ಟೇನೂ ದೂರವಲ್ಲದ ಜೆ.ಸಿ. ರೋಡಿನಲ್ಲಿ ಕಾರಿಗೆ ಬೇಕಾದ ಅಲಂಕಾರವೆಲ್ಲ ಸಿಗುತ್ತದೆ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಮಾರ್ಪಾಡು ಕೂಡದು ಎನ್ನುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಕಣ್ಣು ಕುಕ್ಕುವ ಎಲ್‌ಇಡಿ ಹೆಡ್‌ಲೈಟುಗಳ ಮೇಲೆ 2024ರಲ್ಲಿ ರಾಜ್ಯದ ಪೊಲೀಸರು ಕೇಸಿನ ಮೇಲೆ ಕೇಸು ಹಾಕಿದರು. ಲ್ಯಾಪ್‌ಟಾಪಿಗೆ ಅಂಥ ಕಲಮಿಲ್ಲ, ಎದುರು ಬರುವ ಗಾಡಿಯೇ ಇಲ್ಲವಲ್ಲ. ಈ ಮನೆಯಲ್ಲಿ ಮಾತ್ರ ಇತ್ತು: ಅದೇ ಕೋಣೆಯಲ್ಲಿ ಮಲಗುವ, ಪಿಯುಸಿ ಓದುವ ತಂಗಿ. ಪಂಚಾಯಿತಿಯಲ್ಲಿ ಯಾರೂ ಕೇಳದ ಸಾಕ್ಷಿ ಅವಳದು. "ರಾತ್ರಿ ಹನ್ನೆರಡಕ್ಕೆ ಗೋಡೆ ಎಲ್ಲಾ ನೇರಳೆ ಆಗತ್ತೆ ಅಂಕಲ್, ನಿದ್ದೆ ಬರಲ್ಲ."

ಕೊನೆಗೆ ತಳ ಬಿಚ್ಚಿಸಿ ನೋಡಿದೆ. ಪಟ್ಟಿಯ ವೈರು ಫ್ಯಾನಿನ ಅಂಚು ಸವರಿಕೊಂಡು, ಬ್ಯಾಟರಿಯ ಮೇಲಿಂದ ಹಾದು ಹೋಗಿತ್ತು. ಮುಚ್ಚಳ ಒತ್ತಿ ಸ್ಕ್ರೂ ಬಿಗಿದಾಗ ವೈರು ಬ್ಯಾಟರಿಯ ಮೆತ್ತನೆ ಮೈಯನ್ನು ಒತ್ತಿ ಗೆರೆ ಮೂಡಿಸಿತ್ತು. ಲಿಥಿಯಂ ಬ್ಯಾಟರಿಯ ಒಳಗಿನ ಪದರಗಳ ನಡುವೆ ಇರುವುದು ಕೂದಲಿಗಿಂತ ತೆಳುವಾದ ಪರದೆ. ಅದು ಒತ್ತಿ ಹರಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ನನ್ನ ತೀರ್ಪು ಬಂದದ್ದು ಆ ಗೆರೆಯಿಂದ. ಸ್ಕ್ರೂ ಬಿಚ್ಚಿ ಹಾಕಿ, ಬೇಡವಾದರೆ ಬಿಚ್ಚಿ ಮೊದಲಿನಂತೆ ಮಾಡಬಹುದಾದ್ದು ಏನೇ ಇರಲಿ, ರ‍್ಯಾಮೋ ಎಸ್‌ಎಸ್‌ಡಿಯೋ ಹೊರಗೆ ಅಂಟಿಸುವ ಲೈಟೋ, ಅವನಿಷ್ಟ. ಬೋರ್ಡಿಗೆ ಬೆಸುಗೆ ಹಾಕಿ, ಗಾಳಿಯ ದಾರಿ ಕಟ್ಟಿ, ಬ್ಯಾಟರಿ ಒತ್ತುವಂಥದ್ದು ಕೂಡದು, ಅದು ಎಷ್ಟೇ ಉಪಯೋಗದ್ದಾದರೂ ಸರಿ. ಅಪ್ಪನಿಗೆ ಅರ್ಧ ಜಯ, ಮಗನಿಗೆ ಅರ್ಧ. ಇಬ್ಬರಿಗೂ ಸಮಾಧಾನವಾಗಲಿಲ್ಲ.

ಪಟ್ಟಿ ಈಗ ಮೇಜಿನ ಹಿಂಬದಿಗೆ ಅಂಟಿದೆ, ಹಳೆಯ ಮೊಬೈಲ್ ಚಾರ್ಜರಿನಿಂದ ಉರಿಯುತ್ತದೆ, ಹತ್ತು ಗಂಟೆಗೆ ಆರುತ್ತದೆ. ತೆಗೆದ ಹಾರ್ಡ್‌ಡಿಸ್ಕ್ ಒಂದು ಕೇಸಿನೊಳಗೆ ಕೂತು ಮನೆಯ ಫೋಟೋಗಳ ಪೆಟ್ಟಿಗೆಯಾಗಿದೆ. ಉಳಿದ ಒಂದೂವರೆ ಅಡಿ ಪಟ್ಟಿಯನ್ನು ಅಪ್ಪ ಆಟೋಗೆ ಕೇಳಿದ್ದಾರಂತೆ. ಮಗ ಕೊಡುವ ಮುಂಚೆ ಒಂದು ವಿಷಯ ಹೇಳಿಕಳಿಸಿದ್ದೇನೆ: ಆಟೋ ಬ್ಯಾಟರಿ 12 ವೋಲ್ಟು, ಪಟ್ಟಿ 5 ವೋಲ್ಟಿನದು. ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ.