ವಂಶದಲ್ಲಿ ಯಾರಿಗೂ ಇಲ್ಲದಿದ್ದರೆ ಕ್ಯಾನ್ಸರ್ ಬರುವುದಿಲ್ಲವೇ?

ಕ್ಯಾನ್ಸರ್ ವಂಶದಿಂದ ಬರುವ ಕಾಯಿಲೆ, ಮನೆತನದಲ್ಲಿ ಇಲ್ಲದವರು ಹೆದರಬೇಕಿಲ್ಲ ಎಂಬ ಮಾತು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಹರಿದಾಡುತ್ತದೆ. ಅರ್ಧ ನಿಜವಾದ್ದರಿಂದಲೇ ಜನ ಇದನ್ನು ಬೇಗ ನಂಬುತ್ತಾರೆ. ಕ್ಯಾನ್ಸರ್ ಜೀನ್‌ಗಳ ಕಾಯಿಲೆ ಹೌದು. ಆದರೆ ಹೆತ್ತವರಿಂದ ಬಂದ ಜೀನ್ ದೋಷವೇ ಮುಖ್ಯ ಕಾರಣವಾಗಿರುವುದು ನೂರರಲ್ಲಿ 5ರಿಂದ 10 ಪ್ರಕರಣಗಳಲ್ಲಿ ಮಾತ್ರ. ಸ್ತನ ಮತ್ತು ಅಂಡಾಶಯ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುವ ಬಿಆರ್‌ಸಿಎ1 ಜೀನ್ ಇದಕ್ಕೊಂದು ಉದಾಹರಣೆ. ಉಳಿದದ್ದೆಲ್ಲ ಹುಟ್ಟಿದ ಮೇಲೆ ನಮ್ಮ ಜೀವಕೋಶಗಳಲ್ಲಿ ಒಂದೊಂದಾಗಿ ಕೂಡಿಕೊಂಡ ಬದಲಾವಣೆಗಳ ಫಲ.

ಒಂದು ಬಗೆಯ ಬದಲಾವಣೆಯಲ್ಲಿ ಡಿಎನ್‌ಎಯ ಅಕ್ಷರಗಳೇ ತಪ್ಪುತ್ತವೆ. ತಂಬಾಕಿನ ಹೊಗೆಯಲ್ಲಿರುವ ಬೆಂಜೊಪೈರೀನ್ ಡಿಎನ್‌ಎಗೆ ಅಂಟಿಕೊಂಡು, ಕೋಶವನ್ನು ಕಾಯುವ ಪಿ53 ಎಂಬ ಜೀನನ್ನು ಕೆಡಿಸಬಲ್ಲದು. ಕೋಶ ಇಬ್ಭಾಗವಾಗುವಾಗಲೂ ನಕಲು ತಪ್ಪುಗಳು ತಾವಾಗಿಯೇ ಆಗುತ್ತವೆ. ಹಾಗಾಗಿ ಯಾವ ಚಟವೂ ಇಲ್ಲದವರಿಗೂ ಕ್ಯಾನ್ಸರ್ ಬರಬಹುದು, ರೋಗಿಯ ಮುಂದೆ ಕುಳಿತು "ಏನು ತಿಂದಿದ್ರಿ?" ಎಂದು ಕೇಳುವವರು ಇದನ್ನು ನೆನಪಿಡಲಿ.

ಇನ್ನೊಂದು ಬಗೆ ಎಪಿಜೆನೆಟಿಕ್ ಬದಲಾವಣೆ. ಪುಸ್ತಕದ ಎರಡು ಹಾಳೆ ಗೋಂದಿನಿಂದ ಅಂಟಿಕೊಂಡರೆ ಅಕ್ಷರ ಸರಿಯಿದ್ದರೂ ಓದಲಾಗದು. ಹಾಗೆಯೇ ಜೀನ್‌ನ ಆರಂಭದ ಭಾಗಕ್ಕೆ ಮೀಥೈಲ್ ಗುಂಪುಗಳು ಅಂಟಿಕೊಂಡರೆ ಅದು ಕೆಲಸ ನಿಲ್ಲಿಸಬಹುದು. ಕೆಲವು ಕರುಳಿನ ಕ್ಯಾನ್ಸರ್‌ಗಳಲ್ಲಿ ಹೀಗೆ ಮುಚ್ಚಿಹೋಗುವುದು ಎಂಎಲ್‌ಎಚ್1. ನಕಲು ತಪ್ಪುಗಳನ್ನು ತಿದ್ದುವುದೇ ಅದರ ಕೆಲಸ. ತಿದ್ದುವವರಿಲ್ಲದೆ ತಪ್ಪುಗಳು ರಾಶಿ ಬೀಳುತ್ತವೆ. ಅಂದರೆ ಎರಡನೆಯ ಬಗೆ ಮೊದಲನೆಯದಕ್ಕೆ ಬಾಗಿಲು ತೆರೆಯುತ್ತದೆ.

ಆ ಗೋಂದು ಬಿಡಿಸಬಹುದಲ್ಲ? ಸ್ವಲ್ಪ ಮಟ್ಟಿಗೆ ಹೌದು. ಅಸ್ಥಿಮಜ್ಜೆಯ ಒಂದು ಗುಂಪಿನ ಕಾಯಿಲೆಗಳಿಗೆ ಅಜಾಸಿಟಿಡಿನ್ ಎಂಬ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2004ರಲ್ಲಿ ಅನುಮತಿ ಸಿಕ್ಕಿತು. ರಕ್ತಕಣಗಳ ಸಂಖ್ಯೆ ಕುಸಿಯುವ ಅಪಾಯ ಇರುವುದರಿಂದ ವೈದ್ಯರ ನಿಗಾದಲ್ಲೇ ಕೊಡುತ್ತಾರೆ. ಅರಿಶಿನದ ನೀರು ಕುಡಿದು "ಜೀನ್ ರೀಸೆಟ್" ಮಾಡಿಕೊಳ್ಳಿ ಎನ್ನುವ ಫಾರ್ವರ್ಡ್‌ಗಳಿಗೂ ಇದಕ್ಕೂ ಸಂಬಂಧವಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಕೋಶದ ಮೇಲೆ ಕಂಡ ಪರಿಣಾಮ ಮನುಷ್ಯರಿಗೆ ಚಿಕಿತ್ಸೆ ಆಗುವುದಿಲ್ಲ.

"ನಮ್ಮ ಮನೆತನದಲ್ಲಿ ಇಲ್ಲ" ಎಂಬ ಧೈರ್ಯ ಹೆಚ್ಚು ಕೆಡುಕು ಮಾಡುವುದು ಗುಟ್ಕಾ, ಎಲೆಅಡಿಕೆ ಜಗಿಯುವವರಿಗೆ. ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಹೇಳಿದೆ. ಅಡಿಕೆ ಬೆಳೆಯುವ ನಾಡಿಗೆ ಇದು ಕಹಿ ಮಾತೇ. ಬಾಯಲ್ಲಿ ಎರಡು-ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಮೊದಲಿನಷ್ಟು ಬಾಯಿ ತೆರೆಯಲಾಗದಿರುವುದು ಕಂಡರೆ ದಂತವೈದ್ಯರಿಗೆ ತೋರಿಸಿ. ನೋಡಲು ಕೆಲವೇ ನಿಮಿಷ ಸಾಕು. ಅನುಮಾನವಿದ್ದರೆ ಬಯಾಪ್ಸಿಗೆ ಬರೆದುಕೊಡುತ್ತಾರೆ.