ಎಣಿಕೆ ಸಾಕು, ಗುರುತು ಬೇಕಿಲ್ಲ

ಹೈದರಾಬಾದಿನ ಗಚ್ಚಿಬೌಲಿಯಿರಲಿ, ಬೆಂಗಳೂರಿನ ಸಿಲ್ಕ್ ಬೋರ್ಡ್ ಇರಲಿ, ಸಂಚಾರ ದಟ್ಟಣೆಯ ಮಾತು ಬಂದಾಗಲೆಲ್ಲ ಕೇಳಿಬರುವ ಪರಿಹಾರ: ಇನ್ನಷ್ಟು ಕ್ಯಾಮೆರಾ, ಇನ್ನಷ್ಟು ಎಐ. ಈ ಉತ್ತರದಲ್ಲಿ ಎರಡು ಬೇರೆ ಕೆಲಸಗಳು ಕಲಸಿಹೋಗಿವೆ. ರಸ್ತೆಯಲ್ಲಿ ಎಷ್ಟು ವಾಹನಗಳಿವೆ ಎಂದು ತಿಳಿಯುವುದು ಒಂದು; ಯಾರ ವಾಹನ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ತಿಳಿಯುವುದು ಇನ್ನೊಂದು. ಸಿಗ್ನಲ್ ಸಮಯ ಸರಿಪಡಿಸಲು ಮೊದಲನೆಯದು ಸಾಕು.

ಇದು ಹಳೆಯ ಗಣಿತ. 1955ರಲ್ಲಿ ಲೈಟ್‌ಹಿಲ್ ಮತ್ತು ವಿಥಮ್ ನದಿಯ ನೆರೆಯನ್ನೂ ರಸ್ತೆಯ ವಾಹನಗಳನ್ನೂ ಒಂದೇ ಬಗೆಯ ಅಲೆಯಾಗಿ ಲೆಕ್ಕ ಹಾಕಿ ತೋರಿಸಿದರು. ಒಂದು ಕಿ.ಮೀ.ಗೆ 30 ವಾಹನಗಳಿದ್ದು, ವೇಗ ಗಂಟೆಗೆ 40 ಕಿ.ಮೀ. ಇದ್ದರೆ ಗಂಟೆಗೆ 1,200 ವಾಹನ ದಾಟುತ್ತವೆ. ಸಾಂದ್ರತೆ ಮಿತಿ ಮೀರಿದರೆ ವೇಗ ಕುಸಿದು ಹರಿವೂ ತಗ್ಗುತ್ತದೆ. ಈ ಲೆಕ್ಕದಲ್ಲಿ ನಂಬರ್ ಪ್ಲೇಟಿಗೆ ಜಾಗವೇ ಇಲ್ಲ.

ಎಲ್ಲ ವಾಹನಗಳನ್ನೂ ನೋಡಬೇಕಾಗಿಯೂ ಇಲ್ಲ. 2008ರಲ್ಲಿ ಕ್ಯಾಲಿಫೋರ್ನಿಯಾದ ಹೆದ್ದಾರಿಯೊಂದರಲ್ಲಿ ಜಿಪಿಎಸ್ ಫೋನ್ ಇಟ್ಟ 100 ಕಾರುಗಳನ್ನು ಓಡಿಸಿ ಪರೀಕ್ಷಿಸಿದರು. ನೂರರಲ್ಲಿ ಎರಡು-ಮೂರು ವಾಹನಗಳ ಮಾಹಿತಿ ಸಿಕ್ಕರೂ ಒಟ್ಟು ಸಂಚಾರದ ವೇಗವನ್ನು ಚೆನ್ನಾಗಿ ಅಂದಾಜಿಸಬಹುದು ಎಂದು ಗೊತ್ತಾಯಿತು.

ನಿಜ, ಅದು ಲೇನ್ ಪಾಲಿಸುವ ಹೆದ್ದಾರಿ. ನಮ್ಮಲ್ಲಿ ಬೈಕು ಸಿಕ್ಕ ಸಂದಿಯಲ್ಲಿ ನುಗ್ಗುತ್ತದೆ. ಬಸ್ಸಿನ ಮರೆಗೆ ಹೋದ ಬೈಕು ಆಚೆ ಬಂದಾಗ ಕ್ಯಾಮೆರಾ ಅದನ್ನು ಹೊಸ ಬೈಕೆಂದು ಎಣಿಸಬಹುದು. ಇಲ್ಲಿ ನೆರವಿಗೆ ಬರುವುದೂ ಹರಿವಿನ ಮಾದರಿಯೇ: ರಸ್ತೆಯ ಒಂದು ತುಂಡಿಗೆ ಒಳಬಂದ ವಾಹನ ಹೊರಹೋಗಿರಬೇಕು, ಇಲ್ಲವೇ ಅಲ್ಲೇ ಇರಬೇಕು. ಈ ಲೆಕ್ಕಕ್ಕೆ ಹೊಂದದ ಎಣಿಕೆಯನ್ನು ತಿದ್ದಬಹುದು. ಆದರೆ ನಮ್ಮ ಮಾದರಿಗಳು ಲೇನ್ ಬಿಟ್ಟು, ವಾಹನಗಳು ರಸ್ತೆಯ ಎಷ್ಟು ಜಾಗ ತುಂಬಿವೆ ಎಂಬುದನ್ನು ಅಳೆಯಬೇಕು.

ಹೀಗಿರುವಾಗ ಪ್ರತಿಯೊಬ್ಬರ ಓಡಾಟವನ್ನೂ ಕೂಡಿಡುವುದೇಕೆ? ಹೆಸರು ಅಳಿಸಿದರೂ ಅಪಾಯ ತಪ್ಪದು. 15 ಲಕ್ಷ ಜನರ ಮೊಬೈಲ್ ದಾಖಲೆ ಪರಿಶೀಲಿಸಿದ 2013ರ ಅಧ್ಯಯನದ ಪ್ರಕಾರ, ಸ್ಥಳ ಮತ್ತು ಸಮಯದ ನಾಲ್ಕೇ ಬಿಂದುಗಳಿಂದ ಶೇ 95ರಷ್ಟು ಜನರನ್ನು ಪ್ರತ್ಯೇಕಿಸಬಹುದಿತ್ತು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಆದರೂ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ, ಕೇಂದ್ರ ಸರ್ಕಾರ ಸೂಚಿಸುವ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿಯ ಬಾಗಿಲು ತೆರೆದಿಟ್ಟಿದೆ.

ಕಾನೂನು ಬಿಟ್ಟ ಜಾಗವನ್ನು ಟೆಂಡರ್ ಷರತ್ತು ತುಂಬಬಹುದು. ಎಣಿಕೆ ಜಂಕ್ಷನ್ನಿನಲ್ಲೇ ಮುಗಿಯಲಿ, ಕೇಂದ್ರಕ್ಕೆ ಸಂಖ್ಯೆ ಮಾತ್ರ ಹೋಗಲಿ. ನಿಯಮ ಮುರಿದ ವಾಹನದ ನಂಬರ್ ಮಾತ್ರ ಉಳಿಯಲಿ, ಅದಕ್ಕೂ ಅವಧಿ ಇರಲಿ. ಹಾಗೆಯೇ, ಕ್ಯಾಮೆರಾ ಬರುವ ಮುನ್ನ ಮತ್ತು ಬಂದ ನಂತರ ಜನ ಸಿಗ್ನಲ್ಲಿನಲ್ಲಿ ಕಾದದ್ದೆಷ್ಟು ಎಂಬ ಲೆಕ್ಕವೂ ಪ್ರಕಟವಾಗಲಿ. ರಸ್ತೆ ದಾಟಲು ನಿಂತ ಪಾದಚಾರಿಯ ಕಾಯುವಿಕೆಯೂ ಅದರಲ್ಲಿ ಸೇರಲಿ. ನಮ್ಮ ದುಡ್ಡಿನಲ್ಲಿ ತರುವ ವ್ಯವಸ್ಥೆಯಿಂದ ನಾವು ಕೇಳಬೇಕಾದ ಮೊದಲ ಲೆಕ್ಕ ಇದೇ.