ಹೋಲಿಕೆ ಗುಂಪಿಗೂ ಆರೈಕೆ ಸಿಗಲಿ: ಮನವಿ ಪತ್ರ

ಇವರಿಗೆ,
ಮಹಾನಿರ್ದೇಶಕರು,
ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ನವದೆಹಲಿ

ಇವರಿಂದ,
ನೆರೂಳದ ಕನ್ನಡಿಗ ನಿವಾಸಿಗಳು, ನವಿ ಮುಂಬಯಿ

ವಿಷಯ: ವೈದ್ಯಕೀಯ ಪ್ರಯೋಗಗಳ ಹೋಲಿಕೆ ಗುಂಪಿಗೆ ನೀಡುವ ಆರೈಕೆಯ ಕುರಿತು.

ಮಾನ್ಯರೇ,

ಹೊಸ ಚಿಕಿತ್ಸೆಯ ಫಲ ತಿಳಿಯಲು ಅದನ್ನು ಪಡೆದವರನ್ನೂ ಪಡೆಯದವರನ್ನೂ ಹೋಲಿಸಬೇಕು. ಇದಕ್ಕೆ ನಮ್ಮ ತಕರಾರಿಲ್ಲ. ಪಡೆಯದವರಿಗೆ ‘ಸ್ಟ್ಯಾಂಡರ್ಡ್ ಆಫ್ ಕೇರ್’, ಅಂದರೆ ರೂಢಿಯ ಆರೈಕೆ, ಸಿಗುತ್ತದೆ ಎನ್ನುತ್ತಾರೆ. ಆ ರೂಢಿ ಯಾವುದು ಎಂಬುದೇ ನಮ್ಮ ಪ್ರಶ್ನೆ.

ಉದಾಹರಣೆ ಖಾಡಿಯಾಚೆಯ ಮುಂಬಯಿಯಲ್ಲೇ ಇದೆ. ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಕೊಳೆಗೇರಿಗಳ ಸುಮಾರು 1.5 ಲಕ್ಷ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಅಧ್ಯಯನ ಆರಂಭಿಸಿತು. ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ವಿನೆಗರ್ ಹಚ್ಚಿ ನೋಡುವ ತಪಾಸಣೆ. ಇನ್ನೊಂದಕ್ಕೆ ಒಂದು ಬಾರಿಯ ಆರೋಗ್ಯ ಶಿಕ್ಷಣ. ತಪಾಸಣೆಯ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ಇಳಿಯಿತು. ಅಗ್ಗದ ತಪಾಸಣೆಯೂ ಜೀವ ಉಳಿಸುತ್ತದೆಂದು ತೋರಿಸಿಕೊಟ್ಟ ಮಹತ್ವದ ಫಲಿತಾಂಶವದು.

ಆದರೆ ಇದೇ ಕ್ಯಾನ್ಸರನ್ನು ಮೊದಲೇ ಪತ್ತೆಹಚ್ಚುವ ಪ್ಯಾಪ್ ಪರೀಕ್ಷೆ ಆಗಲೇ ದಶಕಗಳಷ್ಟು ಹಳೆಯದಾಗಿತ್ತು. ದೇಶದಲ್ಲಿ ಆಗ ಸಾರ್ವತ್ರಿಕ ತಪಾಸಣೆಯೇ ಇರಲಿಲ್ಲ, ಹಾಗಾಗಿ ತಪಾಸಣೆ ಇಲ್ಲದಿರುವುದೇ ಇಲ್ಲಿನ ರೂಢಿ ಎಂಬುದು ಸಮರ್ಥನೆಯಾಗಿತ್ತು. ಮುಂಬಯಿ ಹಾಗೂ ಇಂಥದ್ದೇ ಉಸ್ಮಾನಾಬಾದ್ ಮತ್ತು ದಿಂಡಿಗಲ್ ಅಧ್ಯಯನಗಳಲ್ಲಿ ತಪಾಸಣೆ ಸಿಗದ ಗುಂಪುಗಳ ಕನಿಷ್ಠ 254 ಮಹಿಳೆಯರು ಈ ರೋಗದಿಂದ ತೀರಿಕೊಂಡರೆಂದು ಅಮೆರಿಕದ ವೈದ್ಯ ಎರಿಕ್ ಸೂಬಾ 2014ರಲ್ಲಿ ಬರೆದರು. ಹೊಸದನ್ನು ಸಾಬೀತಾದ ಅತ್ಯುತ್ತಮ ವಿಧಾನದೊಡನೆ ಹೋಲಿಸಬೇಕೆಂಬುದು ವೈದ್ಯಕೀಯ ಸಂಶೋಧನೆಯ ನೈತಿಕತೆ ಕುರಿತ ಹೆಲ್ಸಿಂಕಿ ಘೋಷಣೆಯ ಮೂಲ ನಿಯಮ; ವಿನಾಯಿತಿಗಳು ಆಮೇಲಿನ ಮಾತು.

ಕಲಬುರಗಿ, ವಿಜಯಪುರದ ಕಡೆಯಿಂದ ದುಡಿಯಲು ಬಂದ ನಮ್ಮ ಅನೇಕ ಹೆಣ್ಣುಮಕ್ಕಳಿಗೆ ಮರಾಠಿ ಮಾತು ಬರುತ್ತದೆ, ಓದು ಬರುವುದಿಲ್ಲ. ನಾಳೆ ಇಂಥ ಗುಂಪಿಗೆ ಹೆಬ್ಬೆಟ್ಟು ಒತ್ತುವವರು ಇವರೇ. ಆದ್ದರಿಂದ ನಮ್ಮ ಬೇಡಿಕೆಗಳು:

1. ಹೋಲಿಕೆ ಗುಂಪಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಸಿಗದ್ದು ಹೊರಗೆ ಎಲ್ಲಿ ದೊರೆಯುತ್ತದೆ ಎಂಬುದನ್ನು ಸಮ್ಮತಿ ಪತ್ರದ ಮೊದಲ ಪುಟದಲ್ಲೇ ಬರೆಯಬೇಕು.

2. ಸಾಬೀತಾದ ಆರೈಕೆಯನ್ನು ‘ಇಲ್ಲಿ ಲಭ್ಯವಿಲ್ಲ’ ಎಂಬ ಒಂದೇ ಕಾರಣಕ್ಕೆ ತಪ್ಪಿಸಬಾರದು. ಬೇರೆ ಕಾರಣವಿದ್ದರೆ ನೈತಿಕ ಸಮಿತಿಯ ಲಿಖಿತ ವಿವರಣೆಯನ್ನು ಸಿಟಿಆರ್‌ಐ (ಭಾರತದ ವೈದ್ಯಕೀಯ ಪ್ರಯೋಗಗಳ ದಾಖಲೆ) ನೋಂದಣಿಯೊಡನೆ ಪ್ರಕಟಿಸಬೇಕು.

3. ಕನ್ನಡಿಗರು ಸೇರುವ ಪ್ರಯೋಗಗಳಲ್ಲಿ ಸಮ್ಮತಿ ಪತ್ರ ಕನ್ನಡದಲ್ಲಿರಬೇಕು; ಓದು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಬೇಕು.

4. ಸ್ವತಂತ್ರ ಸಮಿತಿಯೊಂದು ನಡುನಡುವೆ ಸಾವುಗಳನ್ನು ಪರಿಶೀಲಿಸಬೇಕು. ಪ್ರಯೋಜನ ಖಚಿತವಾದೊಡನೆ ಹೋಲಿಕೆ ಗುಂಪಿಗೂ ಅದೇ ಆರೈಕೆಯನ್ನು ಉಚಿತವಾಗಿ, ನಿಗದಿತ ಅವಧಿಯೊಳಗೆ ನೀಡಬೇಕು.

ತಮ್ಮ 2017ರ ನೈತಿಕ ಮಾರ್ಗಸೂಚಿಯಲ್ಲಿ ಇವುಗಳನ್ನು ಸ್ಪಷ್ಟವಾಗಿ ಸೇರಿಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ನೆರೂಳದ ಕನ್ನಡಿಗ ನಿವಾಸಿಗಳು